ದನಿ ಎಲ್ಲಿ ನಿಂತಿತು?



ಬರೆದಿಟ್ಟ ಮಾತು ಶತಮಾನಗಳವರೆಗೆ ಬಾಳುತ್ತದೆ. ಆಡಿದ ಮಾತಿನ ದನಿ ಮಾತ್ರ ಆಡಿದ ಗಳಿಗೆಯಲ್ಲಿಯೇ ಗಾಳಿಯಲ್ಲಿ ಕರಗಿಹೋಗುತ್ತದೆ. ಬಾದಾಮಿಯ ಬಂಡೆಯ ಮೇಲಿನ ಕಪ್ಪೆ ಅರಭಟ್ಟನ ಶಾಸನದ ತ್ರಿಪದಿಗಳನ್ನು ಸುಮಾರು ಸಾವಿರದ ಮುನ್ನೂರು ವರ್ಷಗಳ ತರುವಾಯವೂ ನಾವು ಓದಬಲ್ಲೆವು. ಆದರೆ ಅಂದಿನವರು ಅವನ್ನು ಯಾವ ಧಾಟಿಯಲ್ಲಿ ಹೇಳುತ್ತಿದ್ದರು, ಎಲ್ಲಿ ಎಳೆಯುತ್ತಿದ್ದರು, ಎಲ್ಲಿ ಉಸಿರು ಹಿಡಿಯುತ್ತಿದ್ದರು ಎಂಬುದನ್ನು ನಮಗೆ ಕೇಳಿಸಬಲ್ಲವರು ಯಾರೂ ಇಲ್ಲ. ೧೮೭೭ರಲ್ಲಿ ಅಮೇರಿಕದ ಎಡಿಸನ್ನನು ಫೋನೋಗ್ರಾಫ್ ಯಂತ್ರವನ್ನು ನಿರ್ಮಿಸುವವರೆಗೆ, ನುಡಿದ ದನಿಯನ್ನು ಹಿಡಿದಿಟ್ಟು ಅದನ್ನೇ ಮರಳಿ ಕೇಳಿಸುವ ಉಪಾಯವೇ ಮನುಷ್ಯಕುಲಕ್ಕೆ ತಿಳಿದಿರಲಿಲ್ಲ. ಆ ಉಪಾಯವು ನಮ್ಮ ಹಳ್ಳಿಯ ಮನೆಗಳ ಹೊಸ್ತಿಲು ದಾಟಿ ಒಳಗೆ ಬಂದುದು ಇನ್ನೂ ಈಚೆಗೆ, ಕ್ಯಾಸೆಟ್ಟಿನ ರೂಪದಲ್ಲಿ. ಫಿಲಿಪ್ಸ್ ಕಂಪನಿಯು ೧೯೬೩ರಲ್ಲಿ ಹೊರತಂದ ಆ ಚಿಕ್ಕ ಡಬ್ಬಿ ನಮ್ಮ ಸೀಮೆಯ ಮನೆಮನೆಗಳಲ್ಲಿ ಬಳಕೆಗೆ ಬಂದಾಗ ೧೯೮೦ರ ದಶಕ ನಡೆದಿತ್ತು.

ಈ ಸಂಗತಿಯನ್ನು ನಮ್ಮ ವಿಜಯಪುರ ಜಿಲ್ಲೆಯವರು ವಿಶೇಷವಾಗಿ ನೆನೆಯಬೇಕಾದ ಕಾರಣವೊಂದುಂಟು. ಆಗ ಇಂಡಿ ತಾಲೂಕಿಗೆ ಸೇರಿದ್ದ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ ಮೊದಲಾದ ಗೆಳೆಯರು ಕೂಡಿಕೊಂಡು, ಹೆಣ್ಣುಮಕ್ಕಳ ಬಾಯಲ್ಲಿದ್ದ ಹಾಡುಗಳನ್ನು ಕೇಳಿ ಬರೆದುಕೊಂಡು, ೧೯೩೧ರಲ್ಲಿ ‘ಗರತಿಯ ಹಾಡು’ ಎಂಬ ಸಂಗ್ರಹವನ್ನು ಪ್ರಕಟಿಸಿದರು. ಅವರು ಆ ಕೆಲಸವನ್ನು ಕೈಕೊಳ್ಳದೆ ಹೋಗಿದ್ದರೆ ಎಷ್ಟೋ ಹಾಡುಗಳು ಬೀಸುವ ಕಲ್ಲಿನ ಸಂಗಡವೇ ಮೂಲೆ ಸೇರುತ್ತಿದ್ದವು. ಆದರೆ ಅವರ ಕೈಯಲ್ಲಿ ಇದ್ದುದು ಲೇಖನಿ ಮತ್ತು ಕಾಗದ ಮಾತ್ರ. ಪುಸ್ತಕದಲ್ಲಿ ಮೂರು ಸಾಲಾಗಿ ಕಾಣುವ ತ್ರಿಪದಿಯು ಬಾಯಲ್ಲಿ ಮೂರೇ ಸಾಲಾಗಿ ಉಳಿಯುವುದಿಲ್ಲ. ಹಾಡುವಾಕೆ ಎರಡನೆಯ ಸಾಲಿನ ಮಾತನ್ನು ಮರಳಿ ಹಿಡಿದು, ಎಳೆದು, ಕಲ್ಲಿನ ಸುತ್ತಿಗೆ ಹೊಂದಿಸಿಕೊಳ್ಳುತ್ತಾಳೆ. ಆ ಹೊಂದಿಕೆ ಅಚ್ಚಿನ ಮೊಳೆಗೆ ಸಿಕ್ಕುವಂಥದಲ್ಲ. ಮಾತು ಉಳಿಯಿತು, ದನಿಯನ್ನು ಉಳಿಸುವ ಹೊಣೆ ಮುಂದಿನವರ ಪಾಲಿಗೆ ಬಂದಿತು.

ಇಷ್ಟು ಪೀಠಿಕೆಯ ಬಳಿಕ ನನ್ನ ಮನೆಯ ಒಂದು ಸಣ್ಣ ಪ್ರಸಂಗವನ್ನು ನಿಮ್ಮ ಮುಂದಿಡುತ್ತೇನೆ. ಅದು ಕೆಟ್ಟ ಗಣಕಯಂತ್ರವೊಂದರ ಕಥೆ. ಆದುದರಿಂದ ಇಂಥ ಪತ್ರಿಕೆಯಲ್ಲಿ ಇದಕ್ಕೇನು ಕೆಲಸ ಎಂದು ಕೆಲವರಿಗೆ ಎನಿಸಬಹುದು. ಕೊನೆಯವರೆಗೆ ಓದಿದವರಿಗೆ ಹಾಗೆನಿಸಲಾರದೆಂದು ನಂಬಿದ್ದೇನೆ.

ನಾನು ಇಂಡಿಯಲ್ಲಿ ನೆಲೆಸಿದ ನಿವೃತ್ತ ಶಿಕ್ಷಕ. ನನ್ನ ತಾಯಿ, ನನ್ನ ಸೋದರತ್ತೆ ಹಾಗೂ ನೆರೆಮನೆಯ ಹಿರಿಯಾಕೆಯೊಬ್ಬರು, ಈ ಮೂವರು ಬೀಸುವ ಕಲ್ಲಿನ ಮುಂದೆ ಕುಳಿತರೆ ಗಂಟೆಗಟ್ಟಲೆ ಹಾಡುತ್ತಿದ್ದರು. ಊರಿಗೆ ಹಿಟ್ಟಿನ ಗಿರಣಿ ಬಂದು ಎಷ್ಟೋ ವರ್ಷಗಳಾಗಿದ್ದರೂ, ಕಾಳು ಒಡೆದು ಬೇಳೆ ಮಾಡಲು ಮನೆಯ ಕಲ್ಲೇ ಬೇಕಾಗುತ್ತಿತ್ತು. ೧೯೮೦ರ ದಶಕದ ಕೊನೆಯ ವರ್ಷಗಳಲ್ಲಿ ಅವರ ಹಾಡುಗಳನ್ನು ಒಂದು ಟೇಪ್ ರೆಕಾರ್ಡರಿನಲ್ಲಿ ಹಿಡಿದಿಟ್ಟೆವು. ಒಟ್ಟು ಹದಿನಾಲ್ಕು ಕ್ಯಾಸೆಟ್ಟುಗಳಾದವು. ತಾಯಿಯವರು ಲಿಂಗೈಕ್ಯರಾಗಿ ಇಪ್ಪತ್ತು ವರ್ಷಗಳ ಮೇಲಾದವು. ನೆರೆಮನೆಯವರೂ ಇಂದು ಇಲ್ಲ. ಮುದ್ದೇಬಿಹಾಳದಲ್ಲಿ ಮಕ್ಕಳ ಮನೆಯಲ್ಲಿರುವ ಸೋದರತ್ತೆಯೊಬ್ಬರೇ ಆ ಮೂವರಲ್ಲಿ ಉಳಿದವರು. ಅವರಿಗೆ ಎಂಬತ್ತು ದಾಟಿದೆ.

೨೦೦೪ರಲ್ಲಿ ಮನೆಗೆ ಗಣಕಯಂತ್ರ ಬಂದಿತು. ಅದರ ಬೆನ್ನಿನಲ್ಲಿ ಧ್ವನಿಗೆ ಸಂಬಂಧಿಸಿದ ಮೂರು ರಂಧ್ರಗಳಿರುವುದನ್ನು ಓದುಗರಲ್ಲಿ ಅನೇಕರು ಕಂಡಿರಬಹುದು. ಹಸಿರು ಬಣ್ಣದ್ದು ಧ್ವನಿ ಹೊರಗೆ ಬರುವ ದಾರಿ. ಗುಲಾಬಿ ಬಣ್ಣದ್ದು ಮೈಕಿಗಾಗಿ. ತಿಳಿನೀಲಿಯದು ಟೇಪ್ ರೆಕಾರ್ಡರು, ರೇಡಿಯೋ ಮುಂತಾದವುಗಳಿಂದ ಧ್ವನಿಯನ್ನು ಒಳಗೆ ತೆಗೆದುಕೊಳ್ಳುವ ದಾರಿ. ಆ ನೀಲಿ ರಂಧ್ರದ ಮೂಲಕ ಒಂಬತ್ತು ಕ್ಯಾಸೆಟ್ಟುಗಳನ್ನು ಗಣಕಯಂತ್ರಕ್ಕೆ ಏರಿಸಿದ್ದಾಯಿತು. ನೌಕರಿಯ ವರ್ಗಾವಣೆ, ಮನೆಯ ಕಾರ್ಯಗಳು ಇವುಗಳ ನಡುವೆ ಉಳಿದ ಐದು ಹಾಗೆಯೇ ಟ್ರಂಕಿನಲ್ಲಿ ಕುಳಿತವು.

ಎರಡು ವರ್ಷಗಳ ಹಿಂದೆ ಬೇಸಿಗೆಯ ಗುಡುಗು ಮಳೆಯ ದಿನ ವಿದ್ಯುತ್ತು ಒಮ್ಮೆಲೆ ಏರಿ, ಯಂತ್ರಕ್ಕೆ ವಿದ್ಯುತ್ತನ್ನು ಹಂಚುವ ಪೆಟ್ಟಿಗೆ ಸುಟ್ಟುಹೋಯಿತು. ಅದನ್ನು ಸಿಂದಗಿಯಲ್ಲಿ ಒಂದು ಅಂಗಡಿಯಲ್ಲಿ ರಿಪೇರಿಗೆ ಕೊಡಲಾಯಿತು. ಅಲ್ಲಿಯವರು ಬಳಸಿದ ಕ್ಯಾಬಿನೆಟ್ಟೊಂದನ್ನು ತಂದು, ಒಳಗಿನ ಮದರ್‌ಬೋರ್ಡನ್ನು ಅದಕ್ಕೆ ವರ್ಗಾಯಿಸಿ, ವಿಂಡೋಸ್ ಎಕ್ಸ್‌ಪಿಯನ್ನು ಹೊಸದಾಗಿ ಹಾಕಿಕೊಟ್ಟರು. ಹಾಡುಗಳು ಡಿಸ್ಕಿನ ಬೇರೆ ಭಾಗದಲ್ಲಿದ್ದುದರಿಂದ ಕೆಡಲಿಲ್ಲ. ಪರದೆ ಬೆಳಗಿತು, ಅಕ್ಷರ ಮೂಡಿದವು, ಎಲ್ಲವೂ ನಡೆಯಿತು, ದನಿಯೊಂದೇ ಇಲ್ಲ. ಯಂತ್ರ ಮೂಕವಾಗಿತ್ತು.

ಇಲ್ಲಿ ಒಂದು ಪ್ರಶ್ನೆ ಏಳುವುದು ಸಹಜ. ಇಂದು ಕೈಕೈಯಲ್ಲಿ ಮೊಬೈಲು ಇರುವಾಗ ಇಪ್ಪತ್ತು ವರ್ಷದ ಹಳೆಯ ಯಂತ್ರದ ಗೊಡವೆ ಏಕೆ? ಈಗಾಗಲೇ ಏರಿಸಿದ ಹಾಡುಗಳ ಮಟ್ಟಿಗೆ ಆ ಪ್ರಶ್ನೆ ಸರಿಯೇ. ನಾವು ಮಾಡಿದ ಮೊಟ್ಟಮೊದಲ ಕೆಲಸವೂ ಅದೇ: ಚಿಕಿತ್ಸೆಗೆ ಕೈಹಚ್ಚುವ ಮುನ್ನ ಒಂಬತ್ತೂ ಕ್ಯಾಸೆಟ್ಟುಗಳ ಹಾಡುಗಳನ್ನು ಎರಡು ಬೇರೆ ಬೇರೆ ಕಡೆ ನಕಲು ಮಾಡಿಟ್ಟೆವು. ಆದರೆ ಉಳಿದ ಐದು ಕ್ಯಾಸೆಟ್ಟುಗಳನ್ನು ಏರಿಸಲು ಆ ನೀಲಿ ರಂಧ್ರವೇ ಬೇಕು. ಇಂದಿನ ಮೊಬೈಲು ಮತ್ತು ಮಡಿಚುವ ಗಣಕಗಳಲ್ಲಿ ಬಹುಮಟ್ಟಿಗೆ ಅದು ಇರುವುದಿಲ್ಲ. ಇರುವ ಒಂದು ರಂಧ್ರವು ಮೈಕಿನ ಅತಿ ಕ್ಷೀಣವಾದ ಸಂಕೇತಕ್ಕಾಗಿ ಮಾಡಿದ್ದು. ಅದಕ್ಕೆ ಟೇಪ್ ರೆಕಾರ್ಡರಿನ ಬಲವಾದ ಸಂಕೇತವನ್ನು ಕೊಟ್ಟರೆ ದನಿ ಒಡೆದು ಕರ್ಕಶವಾಗುತ್ತದೆ. ಈ ಕೆಲಸಕ್ಕೆಂದೇ ಪ್ರತ್ಯೇಕ ಉಪಕರಣಗಳು ಪೇಟೆಯಲ್ಲಿ ಸಿಗುತ್ತವೆ, ನಿಜ. ಆದರೆ ಒಂಬತ್ತು ಕ್ಯಾಸೆಟ್ಟುಗಳನ್ನು ಸುಸೂತ್ರವಾಗಿ ಏರಿಸಿದ ಯಂತ್ರ ಮನೆಯಲ್ಲಿಯೇ ಇರುವಾಗ, ಅದು ಏಕೆ ಮೂಕವಾಯಿತೆಂದು ವಿಚಾರಿಸದೆ ತಿಪ್ಪೆಗೆ ಎಸೆಯುವುದು ನಮ್ಮ ಹಿರಿಯರು ಕಲಿಸಿದ ಬಾಳುವೆಯ ರೀತಿಯಲ್ಲ.

ಇನ್ನು ವಿಚಾರಣೆಯ ಕ್ರಮವನ್ನು ಹೇಳುತ್ತೇನೆ. ಇದೇ ತೊಂದರೆಗೆ ಒಳಗಾದ ಮನೆಗಳು ಇನ್ನೂ ಇರಬಹುದಾದ್ದರಿಂದ ತುಸು ವಿವರವಾಗಿಯೇ ಹೇಳುವುದು ಲೇಸು.

ಮೊದಲು ಸ್ಪೀಕರಿನ ಪರೀಕ್ಷೆ. ಅದರ ತಂತಿಯನ್ನು ಗಣಕದಿಂದ ಬಿಡಿಸಿ ಟೇಪ್ ರೆಕಾರ್ಡರಿಗೆ ಜೋಡಿಸಿದೆವು, ಸ್ಪಷ್ಟವಾಗಿ ನುಡಿಯಿತು. ತಂತಿಯು ಹಸಿರು ರಂಧ್ರದಲ್ಲಿಯೇ ಇತ್ತು. ಪರದೆಯ ಕೆಳಮೂಲೆಯ ಸ್ಪೀಕರಿನ ಗುರುತನ್ನು ಒತ್ತಿ ನೋಡಿದರೆ ಧ್ವನಿಯನ್ನು ಅಡಗಿಸುವ ‘ಮ್ಯೂಟ್’ ಗುರುತು ಎಲ್ಲಿಯೂ ಬಿದ್ದಿರಲಿಲ್ಲ. ಎಕ್ಸ್‌ಪಿಯಲ್ಲಿ ಒಟ್ಟು ಧ್ವನಿಗೆ ಒಂದು ಹಿಡಿಕೆ, ‘ವೇವ್’ ಎಂಬುದಕ್ಕೆ ಬೇರೊಂದು ಹಿಡಿಕೆ ಇರುತ್ತವೆ. ಒಂದನ್ನು ಏರಿಸಿ ಇನ್ನೊಂದು ಕೆಳಗೇ ಉಳಿದರೂ ದನಿ ಬಾರದು. ಎಷ್ಟೋ ಮನೆಗಳಲ್ಲಿ ರೋಗವು ಇಷ್ಟರಲ್ಲಿಯೇ ಪತ್ತೆಯಾಗಿ ವಾಸಿಯಾಗುವುದುಂಟು. ನಮ್ಮಲ್ಲಿ ಆಗಲಿಲ್ಲ.

ಎರಡನೆಯದಾಗಿ, ಯಂತ್ರಕ್ಕೆ ತನ್ನೊಳಗಿನ ಧ್ವನಿಯ ಅಂಗದ ಪರಿಚಯ ಇದೆಯೋ ಇಲ್ಲವೋ ನೋಡಬೇಕು. ‘ಡಿವೈಸ್ ಮ್ಯಾನೇಜರ್’ ಎಂಬ ಪಟ್ಟಿಯಲ್ಲಿ ಯಂತ್ರದ ಎಲ್ಲ ಅಂಗಗಳ ಹೆಸರುಗಳಿರುತ್ತವೆ. ಪರಿಚಯವಿಲ್ಲದ ಅಂಗದ ಮುಂದೆ ಹಳದಿ ಗುರುತು ಬೀಳುತ್ತದೆ. ನಮ್ಮ ಯಂತ್ರದಲ್ಲಿ ಧ್ವನಿಯ ಅಂಗದ ಮುಂದೆ ಆ ಗುರುತಿತ್ತು. ಕಾರಣವೂ ಸರಳ. ವಿಂಡೋಸ್ ಎಕ್ಸ್‌ಪಿ ೨೦೦೧ರದು; ನಮ್ಮ ಬೋರ್ಡಿನ ಚಿಪ್ಪು ಬಂದುದು ೨೦೦೩ರಲ್ಲಿ. ತನಗಿಂತ ತರುವಾಯ ಹುಟ್ಟಿದ್ದನ್ನು ಅದು ಹೇಗೆ ಗುರುತಿಸೀತು? ಅಂಥಲ್ಲಿ ‘ಡ್ರೈವರ್’ ಎಂಬ ದುಭಾಷಿ ಬೇಕು. ಬೋರ್ಡಿನ ಸಂಗಡ ಬಂದ ಡ್ರೈವರಿನ ಸಿ.ಡಿ. ಎಂದೋ ಕಳೆದುಹೋಗಿತ್ತು. ಆದರೆ ಪ್ರತಿಯೊಂದು ಅಂಗಕ್ಕೂ ಕುಲ ಮತ್ತು ಹೆಸರು ತಿಳಿಸುವ ಎರಡು ಸಂಖ್ಯೆಗಳಿರುತ್ತವೆ. ಅದೇ ಪಟ್ಟಿಯ ವಿವರದಲ್ಲಿ ಅವು ಕಾಣುತ್ತವೆ. ನಮ್ಮದರಲ್ಲಿ ತಯಾರಕರ ಸಂಖ್ಯೆ ೮೦೮೬, ಅಂಗದ ಸಂಖ್ಯೆ ೨೪ಡಿ೫ ಎಂದಿತ್ತು. ೮೦೮೬ ಎಂಬುದು ಇಂಟೆಲ್ ಕಂಪನಿಯ ಗುರುತು. ೧೯೭೮ರಲ್ಲಿ ಅದು ಹೊರತಂದ ಪ್ರಸಿದ್ಧ ಪ್ರೊಸೆಸರಿನ ಹೆಸರೂ ಅದೇ. ಎರಡನೆಯ ಸಂಖ್ಯೆಯಿಂದ, ಇದು ೧೯೯೭ರ ‘ಎಸಿ ೯೭’ ಎಂಬ ಪದ್ಧತಿಯನ್ನು ಅನುಸರಿಸಿದ ಧ್ವನಿಯ ಅಂಗವೆಂದು ತಿಳಿಯಿತು. ಎಕ್ಸ್‌ಪಿಗೆ ತಯಾರಕರ ಬೆಂಬಲ ೨೦೧೪ರ ಏಪ್ರಿಲ್ ೮ರಂದೇ ಕೊನೆಗೊಂಡಿರುವುದರಿಂದ ಅಂಥ ಯಂತ್ರವನ್ನು ಅಂತರ್ಜಾಲಕ್ಕೆ ಜೋಡಿಸುವುದು ಕ್ಷೇಮವಲ್ಲ. ಆದ್ದರಿಂದ ನನ್ನ ಅಣ್ಣನ ಮಗನು ಬೇರೆ ಗಣಕದಲ್ಲಿ ತಕ್ಕ ಡ್ರೈವರನ್ನು ಹುಡುಕಿ ಪೆನ್ ಡ್ರೈವಿನಲ್ಲಿ ತಂದು ಹಾಕಿದನು. ಹಳದಿ ಗುರುತು ಮಾಯವಾಯಿತು. ಮನೆಯವರೆಲ್ಲ ಕಿವಿಗೊಟ್ಟು ಕುಳಿತೆವು. ಹಾಡು ಓಡುತ್ತಿದೆಯೆಂದು ಪರದೆ ತೋರಿಸಿತು. ದನಿ ಮಾತ್ರ ಬರಲಿಲ್ಲ.

ಇಂಥ ಸಂದರ್ಭದಲ್ಲಿ ಮನುಷ್ಯನು ತಾಳ್ಮೆಗೆಡುವುದು ಸ್ವಾಭಾವಿಕ. ಒಂದು ದೋಷವನ್ನು ಕಂಡುಹಿಡಿದ ಮೇಲೆ ಅದೇ ಸಕಲ ದೋಷವೆಂದು ನಾವು ನಂಬಿಬಿಡುತ್ತೇವೆ. ಅದು ನಿವಾರಣೆಯಾದರೂ ಗುಣ ಕಾಣದಿದ್ದರೆ ‘ಯಂತ್ರವೇ ಸತ್ತಿದೆ’ ಎಂದು ತೀರ್ಪು ಕೊಡುತ್ತೇವೆ. ಒಂದೇ ದೇಹದಲ್ಲಿ ಎರಡು ರೋಗಗಳಿರಬಹುದೆಂಬುದು ನೆನಪಿಗೆ ಬರುವುದಿಲ್ಲ.

ಬಸವನ ಬಾಗೇವಾಡಿಯಲ್ಲಿ ನನಗೊಬ್ಬ ಹಳೆಯ ಗೆಳೆಯರಿದ್ದಾರೆ. ನಲವತ್ತು ವರ್ಷ ರೇಡಿಯೋ, ಟೇಪ್ ರೆಕಾರ್ಡರುಗಳ ರಿಪೇರಿ ಮಾಡಿದವರು; ಗಣಕಯಂತ್ರದ ಗಂಧ ಅವರಿಗೆ ಹೆಚ್ಚಿಲ್ಲ. ಅವರಿಗೆ ಫೋನಿನಲ್ಲಿ ಸಂಗತಿಯನ್ನೆಲ್ಲ ಹೇಳಿದೆ. ಅವರು ಕೇಳಿ ಅಂದದ್ದು ಒಂದೇ ಮಾತು: “ಮಾಸ್ತರ, ಕೆಟ್ಟೈತಿ ಕೆಟ್ಟೈತಿ ಅನಬ್ಯಾಡ್ರಿ. ದನಿ ಎಲ್ಲಿ ಮಟ ಬಂದೈತಿ, ಎಲ್ಲಿ ನಿಂತೈತಿ, ಅಷ್ಟ ನೋಡ್ರಿ.”

ವಾಚಕರೇ, ಈ ಮಾತು ನೀರಾವರಿಯ ರೈತನಿಗೆ ಹೊಸದಲ್ಲ. ಹೊಲದ ತುದಿಗೆ ನೀರು ಮುಟ್ಟದಿದ್ದರೆ ಆತನು ಬಾವಿಯನ್ನು ಹೂಳುವುದಿಲ್ಲ. ಕಾಲುವೆಯ ಗುಂಟ ನಡೆಯುತ್ತ ಹೋಗಿ ನೀರು ಎಲ್ಲಿ ಒಡೆದಿದೆಯೆಂದು ನೋಡುತ್ತಾನೆ. ನಾವೂ ಹಾಗೆಯೇ ನಡೆದೆವು.

ಗಣಕದಲ್ಲಿ ದನಿಯ ಕಾಲುವೆ ಹೀಗಿದೆ. ಡಿಸ್ಕಿನಲ್ಲಿ ಹಾಡು ಸಂಖ್ಯೆಗಳ ರೂಪದಲ್ಲಿರುತ್ತದೆ. ಸಾಮಾನ್ಯವಾಗಿ ಒಂದು ಸೆಕೆಂಡಿನ ದನಿಯನ್ನು ೪೪,೧೦೦ ಬಾರಿ ಅಳೆದು ಬರೆದಿಟ್ಟಿರುತ್ತಾರೆ. ಆ ಸಂಖ್ಯೆಗಳು ಮದರ್‌ಬೋರ್ಡಿನ ಮೇಲಿನ ‘ಕೋಡೆಕ್’ ಎಂಬ ಚಿಕ್ಕ ಚಿಪ್ಪನ್ನು ಸೇರುತ್ತವೆ. ಅಲ್ಲಿ ಸಂಖ್ಯೆಯು ವಿದ್ಯುತ್ತಿನ ಅಲೆಯಾಗಿ ಮಾರ್ಪಟ್ಟು, ಬೋರ್ಡಿನ ಗೆರೆಗಳ ಗುಂಟ ಹಸಿರು ರಂಧ್ರಕ್ಕೆ ಬಂದು, ತಂತಿಯ ಮೂಲಕ ಸ್ಪೀಕರನ್ನು ತಲುಪುತ್ತದೆ. ಹೊರಗಿನಿಂದ ಬರುವ ದನಿಯಾದರೆ ನೀಲಿ ರಂಧ್ರದಿಂದ ಅದೇ ಕೋಡೆಕ್ಕಿಗೆ ಬಂದು, ಅಲೆಯು ಸಂಖ್ಯೆಯಾಗಿ ಡಿಸ್ಕಿಗೆ ಹೋಗುತ್ತದೆ. ಅಂದಮೇಲೆ ಕೋಡೆಕ್ಕು ಸಂತೆಯ ನಡುವಿನ ಕಟ್ಟೆಯಿದ್ದಂತೆ. ಬರುವವರೂ ಹೋಗುವವರೂ ಅದನ್ನು ಹಾಯ್ದೇ ಹೋಗಬೇಕು.

ನಾವು ಟೇಪ್ ರೆಕಾರ್ಡರನ್ನು ನೀಲಿ ರಂಧ್ರಕ್ಕೆ ಜೋಡಿಸಿ, ‘ಆಡಾಸಿಟಿ’ ಎಂಬ ಉಚಿತ ತಂತ್ರಾಂಶದಲ್ಲಿ ಒಂದು ನಿಮಿಷ ಮುದ್ರಿಸಿ ನೋಡಿದೆವು. ಪರದೆಯ ಮೇಲೆ ದನಿಯ ಅಲೆಗಳು ಏಳುತ್ತ ಬೀಳುತ್ತ ಮೂಡಿದವು! ಆ ಮುದ್ರಣವನ್ನು ಪೆನ್ ಡ್ರೈವಿನಿಂದ ಬೇರೆಡೆಗೆ ಒಯ್ದು ಕೇಳಿದಾಗ ಹಾಡು ಸ್ವಚ್ಛವಾಗಿತ್ತು. ಅಂದರೆ ಯಂತ್ರಕ್ಕೆ ಕಿವಿ ಕೇಳುತ್ತಿತ್ತು, ಬಾಯಿ ಮಾತ್ರ ಬಾರದು. ಕೋಡೆಕ್ಕು ಜೀವಂತವಾಗಿತ್ತು. ಡಿಸ್ಕನ್ನು ಮುಟ್ಟದೆ ಸಿ.ಡಿ.ಯಿಂದಲೇ ನಡೆಯುವ ಲಿನಕ್ಸನ್ನು ಹಾಕಿ ನೋಡಿದರೂ, ಅಲ್ಲಿನ ಧ್ವನಿಯ ಹಿಡಿಕೆಗಳನ್ನೆಲ್ಲ ತೆರೆದ ಮೇಲೂ, ಅದೇ ಮೌನ. ಆದ್ದರಿಂದ ದೋಷವು ವಿಂಡೋಸಿನದೂ ಅಲ್ಲ, ಡ್ರೈವರಿನದೂ ಅಲ್ಲ. ದನಿಯು ಕೋಡೆಕ್ಕಿಗೂ ಹಸಿರು ರಂಧ್ರಕ್ಕೂ ನಡುವೆ ಎಲ್ಲೋ ನಿಂತಿದೆ. ಹುಡುಕಬೇಕಾದ ನೆಲ ನಾಲ್ಕು ಬೆರಳಿನಷ್ಟಾಯಿತು.

ಗೆಳೆಯರು ಬಾಗೇವಾಡಿಯಿಂದ ಇಂಡಿಗೆ ಬಂದರು. ವಿದ್ಯುತ್ತಿನ ತಂತಿಯನ್ನು ಗೋಡೆಯಿಂದ ಕಳಚಿ, ಕ್ಯಾಬಿನೆಟ್ಟಿನ ಲೋಹವನ್ನು ಮುಟ್ಟಿ ಮೈಯಲ್ಲಿನ ಸ್ಥಿರವಿದ್ಯುತ್ತನ್ನು ಇಳಿಸಿಕೊಂಡು, ಪಕ್ಕದ ತಗಡನ್ನು ತೆಗೆದೆವು. ನಮ್ಮ ಎರೆಮಣ್ಣಿನ ಧೂಳು ಬೆರಳು ದಪ್ಪ ಕುಳಿತಿತ್ತು. ಮೆತ್ತನೆಯ ಕುಂಚದಿಂದ ಅದನ್ನು ಝಾಡಿಸಿದರು. ಆ ಕಾಲದ ಬೋರ್ಡುಗಳಲ್ಲಿ ಕೆಪಾಸಿಟರುಗಳ ತಲೆ ಉಬ್ಬಿ ಕೆಡುವ ಪಿಡುಗು ಬಹಳ ಇತ್ತು. ಒಂದೊಂದನ್ನೂ ನೋಡಿದರು, ಎಲ್ಲವೂ ಸಮತಟ್ಟಾಗಿದ್ದವು. ಅಷ್ಟರಲ್ಲಿ ಅವರ ಕಣ್ಣು ಒಂದು ತಂತಿಯ ಮೇಲೆ ನಿಂತಿತು. ಕ್ಯಾಬಿನೆಟ್ಟಿನ ಮುಂಭಾಗದ ಇಯರ್‌ಫೋನ್ ರಂಧ್ರದಿಂದ ಬಂದ ಆ ತಂತಿಯು ಎಲ್ಲಿಗೂ ಸೇರದೆ ಜೋತುಬಿದ್ದಿತ್ತು. ಅದು ಸೇರಬೇಕಾಗಿದ್ದ ಸ್ಥಾನದಲ್ಲಿ, ಹಸಿರು ರಂಧ್ರದ ಸಮೀಪ, ಎರಡು ಸಾಲಿನ ಚಿಕ್ಕ ಮುಳ್ಳುಗಳು ಬರಿದಾಗಿ ನಿಂತಿದ್ದವು.

ಮದರ್‌ಬೋರ್ಡಿನ ಕೈಪಿಡಿಯನ್ನು ತೆಗೆದು ನೋಡಿದಾಗ ಗುಟ್ಟು ಬಯಲಾಯಿತು. ಎಸಿ ೯೭ ಪದ್ಧತಿಯ ಬೋರ್ಡುಗಳಲ್ಲಿ ದನಿಯು ಕೋಡೆಕ್ಕಿನಿಂದ ನೇರವಾಗಿ ಹಿಂದಿನ ರಂಧ್ರಕ್ಕೆ ಹೋಗುವುದಿಲ್ಲ. ಮೊದಲು ಮುಂಭಾಗದ ರಂಧ್ರಕ್ಕೆ ಹೋಗಿ, ಅಲ್ಲಿ ಯಾರೂ ಇಯರ್‌ಫೋನ್ ಸಿಕ್ಕಿಸಿಲ್ಲದಿದ್ದರೆ ಮರಳಿ ಬೋರ್ಡಿಗೆ ಬಂದು, ಆಮೇಲೆ ಹಿಂದಿನ ಹಸಿರು ರಂಧ್ರವನ್ನು ಸೇರುತ್ತದೆ. ಮುಂಭಾಗದ ತಂತಿಯನ್ನು ಜೋಡಿಸದಿದ್ದಾಗ ಆ ದಾರಿ ಕಡಿಯಬಾರದೆಂದು, ೫ ಮತ್ತು ೬ನೆಯ ಮುಳ್ಳುಗಳ ಮೇಲೊಂದು, ೯ ಮತ್ತು ೧೦ನೆಯ ಮುಳ್ಳುಗಳ ಮೇಲೊಂದು, ‘ಜಂಪರ್’ ಎಂಬ ಎರಡು ಪುಟ್ಟ ಟೊಪ್ಪಿಗೆಗಳನ್ನು ತೊಡಿಸಿರುತ್ತಾರೆ. ಒಂದು ಬಲಗಿವಿಯ ದನಿಗೆ ಸೇತುವೆ, ಇನ್ನೊಂದು ಎಡಗಿವಿಯದಕ್ಕೆ. ಕ್ಯಾಬಿನೆಟ್ಟು ಬದಲಿಸುವಾಗ ಮುಂಭಾಗದ ತಂತಿಯನ್ನು ಹಾಕಲೆಂದು ಆ ಟೊಪ್ಪಿಗೆಗಳನ್ನು ತೆಗೆದಿರಬೇಕು. ಬೇರೆ ತಯಾರಿಕೆಯ ತಂತಿ ಹೊಂದದೆ ಹಾಗೇ ಬಿಟ್ಟಿರಬೇಕು. ಸೇತುವೆ ಹೋಯಿತು, ದನಿ ಆಚೆ ದಡದಲ್ಲಿಯೇ ಉಳಿಯಿತು. ಒಂದು ಜೋಳದ ಕಾಳಿನಷ್ಟು ಪ್ಲಾಸ್ಟಿಕ್ಕು ಮತ್ತು ತಗಡಿನ ಅಭಾವದಿಂದ ಮೂವರು ಹೆಣ್ಣುಮಕ್ಕಳ ದನಿ ನಮ್ಮ ಮನೆಯಲ್ಲಿ ಅಡಗಿತ್ತು.

ಆ ಟೊಪ್ಪಿಗೆಗಳನ್ನು ಕೊಳ್ಳಲು ಎಲ್ಲಿಗೂ ಹೋಗಬೇಕಾಗಲಿಲ್ಲ. ಕೆಟ್ಟು ಮೂಲೆಗೆ ಬಿದ್ದಿದ್ದ ಹಳೆಯ ಹಾರ್ಡ್ ಡಿಸ್ಕುಗಳ ಬೆನ್ನಿನಲ್ಲಿ ಅದೇ ಅಳತೆಯ ಜಂಪರುಗಳಿದ್ದವು. ಎರಡನ್ನು ಚಿಮಟಿಗೆಯಿಂದ ಕಿತ್ತು, ಮುಳ್ಳುಗಳನ್ನು ಎಣಿಸಿ ತೊಡಿಸಿದರು. ಎಣಿಕೆಯಲ್ಲಿ ಎಚ್ಚರ ಬೇಕು. ೮ನೆಯ ಸ್ಥಾನದಲ್ಲಿ ಮುಳ್ಳೇ ಇರುವುದಿಲ್ಲ. ದಿಕ್ಕು ತಿಳಿಯಲು ಅದೇ ಗುರುತು. ೪ನೆಯ ಮುಳ್ಳಿನಲ್ಲಿ ೫ ವೋಲ್ಟ್ ವಿದ್ಯುತ್ತಿರುತ್ತದೆ. ಅದಕ್ಕೆ ತಪ್ಪಿ ತೊಡಿಸಿದರೆ ಬೋರ್ಡಿಗೆ ಅಪಾಯ. ೨೦೦೪ರ ತರುವಾಯ ಬಂದ ‘ಎಚ್‌ಡಿ ಆಡಿಯೋ’ ಪದ್ಧತಿಯ ಬೋರ್ಡುಗಳಲ್ಲಿ ಅದೇ ಮುಳ್ಳುಗಳ ಅರ್ಥವೇ ಬೇರೆ. ಅಲ್ಲಿ ಈ ಉಪಾಯವನ್ನು ಮಾಡಲಾಗದು. ಕೈಪಿಡಿಯನ್ನು ನೋಡದೆ ಯಾರೂ ಕೈಹಾಕಬಾರದು.

ಯಂತ್ರವನ್ನು ಹಚ್ಚಿದೆವು. ದನಿ ಬಂದಿತು.

ಇಲ್ಲಿಗೆ ಕಥೆ ಮುಗಿಯಬಹುದಾಗಿತ್ತು. ಆದರೆ ನಿಜವಾದ ಕೆಲಸ ಇಲ್ಲಿಂದಲೇ ಮೊದಲಾಯಿತು. ಉಳಿದ ಐದು ಕ್ಯಾಸೆಟ್ಟುಗಳನ್ನು ಏರಿಸತೊಡಗಿದಾಗ ಹಾಡಿನ ಹಿಂದೆ ಒಂದೇ ಸಮನೆ ‘ಗುಂಯ್’ ಎಂಬ ಸಪ್ಪಳ ಕೇಳಿಸಿತು. ಟೇಪ್ ರೆಕಾರ್ಡರೂ ಗಣಕವೂ ಗೋಡೆಯ ವಿದ್ಯುತ್ತಿನಿಂದಲೇ ನಡೆಯುವಾಗ ಎರಡರ ನೆಲತಂತಿಗಳ ನಡುವೆ ಉಂಟಾಗುವ ಗದ್ದಲವದು. ಟೇಪ್ ರೆಕಾರ್ಡರನ್ನು ಗೋಡೆಯಿಂದ ಬಿಡಿಸಿ ಸೆಲ್ಲುಗಳಿಂದ ನಡೆಸಿದೊಡನೆ ಸಪ್ಪಳ ನಿಂತಿತು. ಕ್ಯಾಸೆಟ್ಟನ್ನು ಏರಿಸಲು ಅಡ್ಡದಾರಿ ಇಲ್ಲ. ಅರವತ್ತು ನಿಮಿಷದ ಕ್ಯಾಸೆಟ್ಟಿಗೆ ಅರವತ್ತು ನಿಮಿಷ ಕುಳಿತು ಕೇಳಲೇಬೇಕು. ಸಂಕೋಚಿಸದೆ ಇಟ್ಟರೆ ಪ್ರತಿ ನಿಮಿಷಕ್ಕೆ ಸುಮಾರು ೧೦ ಮೆಗಾಬೈಟಿನಂತೆ ಸ್ಥಳ ಬೇಕಾಗುತ್ತದೆ. ಇಂದಿನ ಡಿಸ್ಕುಗಳಿಗೆ ಅದು ಭಾರವೇನೂ ಅಲ್ಲ.

ಅಣ್ಣನ ಮಗನು ತನ್ನ ಉತ್ಸಾಹದಿಂದ ಒಂದು ಕ್ಯಾಸೆಟ್ಟಿನ ಹಾಡುಗಳನ್ನು ತಂತ್ರಾಂಶದ ನೆರವಿನಿಂದ ‘ಸ್ವಚ್ಛ’ ಮಾಡಿದನು. ಹಿನ್ನೆಲೆಯಲ್ಲಿ ಸತತವಾಗಿ ಬರುವ ಸದ್ದಿನ ಮಾದರಿಯನ್ನು ತೋರಿಸಿದರೆ ಅಂಥ ಸದ್ದನ್ನೆಲ್ಲ ಅಳಿಸುವ ಸೌಕರ್ಯ ಅದರಲ್ಲಿದೆ. ದನಿಗಳು ಶುಭ್ರವಾಗಿ ಕೇಳಿಸಿದವು. ಮುದ್ದೇಬಿಹಾಳಕ್ಕೆ ಹೋಗಿ ಸೋದರತ್ತೆಯ ಮುಂದೆ ಆ ಹಾಡನ್ನು ಹಚ್ಚಿದೆವು. ಅವರು ಕಣ್ಣು ಮುಚ್ಚಿ ಕೇಳಿದರು. ತುಸು ಹೊತ್ತಿನ ಮೇಲೆ, “ಯಪ್ಪಾ, ದನಿ ನಮ್ಮೂವೇ ಅದಾವ. ಕಲ್ಲ ಎಲ್ಲಿ ಹೋತು?” ಎಂದರು.

ಯಂತ್ರವು ಗದ್ದಲವೆಂದು ಬಗೆದು ಅಳಿಸಿದ್ದು ಬೀಸುವ ಕಲ್ಲಿನ ಸದ್ದನ್ನು. ಆ ಮೂವರಿಗೆ ಅದು ತಾಳ. ಅದನ್ನು ಬಿಟ್ಟು ಅವರು ಹಾಡಿದ್ದೇ ಇಲ್ಲ. ಮೂಲ ಮುದ್ರಣವನ್ನು ಬೇರೆಯಾಗಿ ಕಾದಿರಿಸಿದ್ದುದರಿಂದ ಹಾನಿಯೇನೂ ಆಗಲಿಲ್ಲ. ಅದನ್ನು ಹಚ್ಚಿದಾಗ ಕಲ್ಲು ಮತ್ತೆ ತಿರುಗಿತು. ಅತ್ತೆಯ ಬಲಗೈ ತನ್ನಷ್ಟಕ್ಕೆ ತಾನೇ ಗೂಟ ಹಿಡಿದಂತೆ ತೊಡೆಯ ಮೇಲೆ ಸುತ್ತತೊಡಗಿತು.

ಆ ಕ್ಯಾಸೆಟ್ಟಿನ ಒಂದು ಮಗ್ಗುಲು ಹಾಡಿನ ನಡುವೆಯೇ ಮುಗಿಯುತ್ತದೆ. ಮೂವತ್ತು ನಿಮಿಷ ತುಂಬಿತು, ಸುರುಳಿ ಮುಗಿಯಿತು. ನನ್ನ ತಾಯಿಯ ದನಿ ಎರಡನೆಯ ಸಾಲಿನ ಮೇಲೆ ಕಡಿದು ನಿಂತಿತು. ಮುಂದಿನ ಮಗ್ಗುಲಲ್ಲಿ ಬೇರೆ ಹಾಡು. ನಮಗಾರಿಗೂ ಆ ಪದದ ಉಳಿದ ಭಾಗ ಗೊತ್ತಿರಲಿಲ್ಲ. ಕೋಣೆಯಲ್ಲಿ ಮೌನವಾಯಿತು. ಅತ್ತೆಯವರು ಕಣ್ಣು ತೆರೆಯದೆ, ಅದೇ ಎತ್ತರದಲ್ಲಿ ಅಲ್ಲದಿದ್ದರೂ ಅದೇ ಧಾಟಿಯಲ್ಲಿ, ನಿಂತಲ್ಲಿಂದಲೇ ಹಾಡನ್ನು ಎತ್ತಿಕೊಂಡು ಕೊನೆ ಮುಟ್ಟಿಸಿದರು. ಇನ್ನೂ ಏಳು ತ್ರಿಪದಿಗಳಿದ್ದವು. ಮೊಬೈಲಿನಲ್ಲಿ ಅವನ್ನು ಮುದ್ರಿಸಿಕೊಂಡೆವು. ಮೂವತ್ತಕ್ಕೂ ಹೆಚ್ಚು ವರ್ಷಗಳ ಅಂತರದ ಆ ಎರಡು ಮುದ್ರಣಗಳು ಈಗ ನಮ್ಮಲ್ಲಿ ಒಂದೇ ಹಾಡಾಗಿ ಇವೆ.

ವಾಚಕರು ಇದರ ಮರ್ಮವನ್ನು ಗಮನಿಸಬೇಕು. ಯಂತ್ರದ ದನಿಯನ್ನು ಮರಳಿಸಲು ಎರಡು ಟೊಪ್ಪಿಗೆಗಳು ಸಾಕಾದವು. ಸುರುಳಿಯಲ್ಲಿ ಇಲ್ಲದ ದನಿಯನ್ನು ಕೊಡಲು ಯಾವ ಯಂತ್ರಕ್ಕೂ ಶಕ್ಯವಿರಲಿಲ್ಲ. ಅದು ಎಂಬತ್ತು ದಾಟಿದ ಜೀವವೊಂದರ ಕೊರಳಿನಲ್ಲಿತ್ತು. ಯಂತ್ರವು ಇನ್ನು ಐದು ವರ್ಷ ಮೂಕವಾಗಿ ಕುಳಿತಿದ್ದರೂ ರಿಪೇರಿ ಮಾಡಬಹುದಾಗಿತ್ತು. ಆದರೆ ಅಷ್ಟು ಹೊತ್ತಿಗೆ ಹಾಡನ್ನು ಪೂರ್ತಿ ಮಾಡುವವರು ಇರುತ್ತಿದ್ದರೆಂದು ಯಾರು ಹೇಳಬಲ್ಲರು? ಆದ್ದರಿಂದ ಈ ಕೆಲಸದಲ್ಲಿ ಅವಸರವಿರುವುದು ಯಂತ್ರದ ಕಾರಣದಿಂದಲ್ಲ, ಮನುಷ್ಯರ ಕಾರಣದಿಂದ.

ನಮ್ಮ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಮನೆಗಳಲ್ಲಿ ಇಂಥ ಕ್ಯಾಸೆಟ್ಟುಗಳು ಇನ್ನೂ ಟ್ರಂಕುಗಳಲ್ಲಿ, ಗೂಡುಗಳಲ್ಲಿ ಇರಬಹುದು. ಡೊಳ್ಳಿನ ಪದ, ಸೋಬಾನೆ, ಭಜನೆ, ಹಿರಿಯರ ಮಾತುಕತೆ, ಮದುವೆಯ ಹಾಡು, ಏನೇ ಇರಲಿ, ಅವನ್ನು ಹೊರತೆಗೆಯಿರಿ. ಒಂದೊಂದರ ಮೇಲೂ ಸಂಖ್ಯೆ ಬರೆಯಿರಿ. ಯಾರ ದನಿ, ಯಾವ ಊರು, ಯಾವ ವರ್ಷ ಎಂಬುದನ್ನು ನೆನಪಿರುವಾಗಲೇ ಕಾಗದದಲ್ಲಿ ಗುರುತು ಹಾಕಿರಿ. ಬೂಷ್ಟು ಹಿಡಿದಿದ್ದರೆ ಅವಸರದಿಂದ ಯಂತ್ರಕ್ಕೆ ಹಾಕದೆ ಬಲ್ಲವರಿಗೆ ತೋರಿಸಿರಿ. ಏರಿಸಿದ್ದನ್ನು ಎರಡು ಕಡೆ ಇಡಿರಿ, ಮೂಲವನ್ನು ತಿದ್ದದೆ ಇಡಿರಿ. ಮನೆಯ ಹಳೆಯ ಗಣಕ ಮೂಕವಾಗಿದ್ದರೆ ಅದನ್ನು ಗುಜರಿಗೆ ಹಾಕುವ ಮುನ್ನ, ದನಿ ಎಲ್ಲಿಯವರೆಗೆ ಬಂದಿದೆ, ಎಲ್ಲಿ ನಿಂತಿದೆ ಎಂದು ಒಮ್ಮೆ ಹುಡುಕಿರಿ.

ಮತ್ತು ಕೇಳುವಾಗ ಒಬ್ಬರೇ ಕುಳಿತು ಕೇಳಬೇಡಿರಿ. ಮನೆಯಲ್ಲಿ ಹಿರಿಯರಿದ್ದರೆ ಅವರನ್ನು ಬಳಿಯಲ್ಲಿ ಕುಳ್ಳಿರಿಸಿಕೊಂಡು ಕೇಳಿರಿ. ಸುರುಳಿ ಮುಗಿದ ಕಡೆ ಅವರೇ ಮುಂದುವರಿಸಿಯಾರು.